ಐವತ್ತಕ್ಕೊಂದು

ದೋಣಿಗಲ್‌ನಿಂದ ಕೆಳಗೆ, ಮೂರನೇ ಸೇತುವೆ.
ಹಳಿ ಪಕ್ಕದ ಹಲಗೆಯಲ್ಲಿ ಬರೆದಿದೆ: ಐವತ್ತಕ್ಕೆ ಒಂದು.
ಐವತ್ತಡಿ ನಡೆದರೆ ಒಂದಡಿ ಮೇಲೆ.
ಅಷ್ಟೇನಾ, ಅಂದುಕೊಂಡಿದ್ದೆ.

ಸಕಲೇಶಪುರದಲ್ಲಿ ನನ್ನದು ಸ್ಟುಡಿಯೊ.
ವಾರವಿಡೀ ಪಾಸ್‌ಪೋರ್ಟ್ ಸೈಜು:
ಗದ್ದ ಎತ್ತಿ, ಭುಜ ಸಮ ಮಾಡಿ, ಅಲುಗಬೇಡಿ.
ಭಾನುವಾರ ಮಾತ್ರ
ಸಮ ಇಲ್ಲದ್ದನ್ನು ಹುಡುಕಿ ಇಲ್ಲಿಗೆ.

ಹನ್ನೊಂದು ವರ್ಷ. ಒಂದು ಫೋಟೊದಲ್ಲೂ ಏರು ಬಿದ್ದಿಲ್ಲ.
ಮನೆಗೆ ಹೋಗಿ ನೋಡಿದರೆ ರೈಲು
ಅರಸೀಕೆರೆ ಬಯಲಲ್ಲಿ ನಿಂತಷ್ಟು ನೆಟ್ಟಗೆ.
ಕ್ಯಾಮೆರಾ ವಾಲಿಸಿದರೆ ಮರಗಳು ಕುಡಿದವರ ಹಾಗೆ.

'ಏರು ಕಣ್ಣಿಗೆ ಕಾಣಲ್ಲ ಮೇಡಂ, ಮಂಡಿಗೆ ಗೊತ್ತಾಗುತ್ತೆ'
ಅಂದ ಕೀಮ್ಯಾನ್ ಹೂವಯ್ಯ,
ಸುತ್ತಿಗೆಯ ಹೆಗಲು ಬದಲಿಸುತ್ತ.

ಗೊಬ್ಬರದ ಗೂಡ್ಸು ಬಂತು. ಮೊದಲು ಸದ್ದು,
ಆಮೇಲೆ ಬಹಳ ಹೊತ್ತು ಬರೀ ಸದ್ದು.
ಮುಂದಿನ ಎಂಜಿನ್ನಿಗೆ ಎಲ್ಲರೂ ಕೈ ಬೀಸುತ್ತಾರೆ,
ನಾನೂ ಹನ್ನೆರಡು ಕ್ಲಿಕ್ಕಿಸಿದೆ.
ವ್ಯಾಗನ್ನಿನ ಮೇಲಿನ ಸೀಮೆಸುಣ್ಣದ ಬರಹ
ಅಕ್ಷರ ಕೂಡಿಸಿ ಓದುವಷ್ಟು ನಿಧಾನ.

ಕಡೆಗೆ, ತಳ್ಳುವ ಎಂಜಿನ್ನು.
ಅದರ ಡ್ರೈವರಿಗೆ ಘಾಟಿಯುದ್ದಕ್ಕೂ ಮುಂದೆ ಕಾಣುವುದು
ಗಾರ್ಡ್ ಡಬ್ಬಿಯ ಬೆನ್ನು, ಅಲ್ಲಿ ಸ್ಟೂಲಿನ ಮೇಲೆ ಗಾರ್ಡು.
ಇಬ್ಬರೂ ಎದುರುಬದುರು, ಮಾತಿಲ್ಲ,
ಜಗಳವಾಡಿದ ಬೀಗರ ಹಾಗೆ.
ಡ್ರೈವರು ಕಿಟಕಿಯಾಚೆ ಕತ್ತು ಚಾಚಿದ್ದ.
ಕತ್ತಿನ ನರ ಉಬ್ಬಿತ್ತು,
ಎಂಜಿನ್ನಿನ ಜೊತೆ ತಾನೂ ತಳ್ಳುವವನಂತೆ.
ಒಂದೇ ಕ್ಲಿಕ್ಕು.

ಅದರಲ್ಲೂ ಹಳಿ ಸಪಾಟು.

ಮುಂದಿನ ವಾರ ಪ್ರಿಂಟು ಕೊಟ್ಟೆ.
ಹೂವಯ್ಯ ದೂರ ಹಿಡಿದು, ಹತ್ತಿರ ಹಿಡಿದು
ಏನೂ ಹೇಳದೆ ನೋಡಿದ.
ನೋಡುತ್ತ ನೋಡುತ್ತ
ಕೈ ತಾನಾಗಿ ಇಳಿದು
ಮಂಡಿ ನೀವಿತು.