ಕಾಲು ಪಾಯಿಂಟಿನ ಎಳೆ

ಮೊದಲು ಎರಡೇ ಗೆರೆ.
ಮೇಲೊಂದು, ಕೆಳಗೊಂದು.
ನಡುವಿನ ಐವತ್ತೆಂಟನ್ನು ಕಂಪ್ಯೂಟರೇ ತುಂಬುತ್ತದೆ,
ಬ್ಲೆಂಡ್ ಅನ್ನುತ್ತಾರೆ ಅದಕ್ಕೆ.
ಆಮೇಲಿನದು ನನ್ನ ಕೆಲಸ:
ನೆರಳಿದ್ದಲ್ಲಿ ಗೆರೆಗೆ ಹೊಟ್ಟೆ ಬರಿಸುವುದು,
ಬೆಳಕಿದ್ದಲ್ಲಿ ಉಪವಾಸ ಕೆಡವುವುದು.
ನೋಟಿನ ಮೇಲಿನ ಮುಖವೂ ಹೀಗೇ,
ದೂರಕ್ಕೆ ಮುಖ,
ಹತ್ತಿರಕ್ಕೆ ಉತ್ತ ಹೊಲ.

"ನೋಟಿನ ಮೇಲೆ ಇರ್ತದಲ್ಲ, ಅದೇ ಥರ ಬೇಕು ಮೇಡಂ"
ಎಂದು ಮುಖ್ತಿಯಾರ್ ಪಾಷ ಮೇಜಿನ ಮೇಲಿಟ್ಟದ್ದು
ಅಮ್ಮಿಯ ರೇಷನ್ ಕಾರ್ಡು.
ಅಂಚೆಚೀಟಿಯಷ್ಟಗಲ ಫೋಟೋ,
ಅರ್ಧ ಫ್ಲ್ಯಾಶು, ಉಳಿದರ್ಧ ಸೆರಗು.
ನೂಲಿನ ಕಂತೆಗೆ ಅಂಟಿಸುವ ಚೀಟಿಗಂತೆ,
ಪ್ಯಾರೀಜಾನ್ ಸಿಲ್ಕ್ಸ್, ಶಿಡ್ಲಘಟ್ಟ.

ಎರಡು ದಿನ ಆ ಮುಖದ ಮೇಲೆ ಗೆರೆ ಹಾಯಿಸಿದೆ.
ಕೆನ್ನೆಯ ತನಕ ಬಂದವು,
ಹಣೆಯ ಬಿಳುಪಿಗೆ ಬಂದು ಸಾಲಾಗಿ ಸತ್ತವು.

ಮೂರನೆಯ ದಿನ ಪಾಷ ಬಾಗಿಲಲ್ಲೇ ನಿಂತ,
ಮೈಯೆಲ್ಲ ಬೇಯಿಸಿದ ಪ್ಯೂಪದ ವಾಸನೆ.
"ಭಾಯಿ ಒಪ್ತಿಲ್ಲ ಮೇಡಂ.
ಅಮ್ಮಿ ಮುಖ ಮಾರ್ಕೆಟ್ಟಲ್ಲಿ ಕೈ ಬದಲಾಯಿಸೋದು
ಬೇಡ ಅಂದ.
ಕೈ ಹಾಕಿ. ಕೈ ಸಾಕು."

ಕೈಯ ಫೋಟೋ ಎಲ್ಲಿದೆ?
ಯಾರು ತೆಗೆಸುತ್ತಾರೆ ಕೈಯ ಫೋಟೋ?

ಅವನು ಸ್ಕ್ಯಾನರಿನ ಮುಚ್ಚಳ ತಾನೇ ಎತ್ತಿ
ಬಲಗೈಯನ್ನು ಗಾಜಿನ ಮೇಲೆ ಬೋರಲು ಇಟ್ಟ.
"ಹನ್ನೊಂದು ವರ್ಷಕ್ಕೇ ಅವಳ ಪಕ್ಕ ಕೂತವನು.
ಅದೇ ಬೇಸಿನ್ನು, ಅದೇ ನೀರು.
ಅವಳದ್ದೇ ಅಂತ ತಿಳ್ಕೊಳ್ಳಿ."

ಮಣಿಕಟ್ಟಿನ ಗೆರೆಗಳು ಬಳೆಯ ಹಾಗೆ ಸುತ್ತಿದವು,
ತಾವೇ ದಾರಿ ಬಲ್ಲವರಂತೆ.
ಗಿಣ್ಣುಗಳ ಹತ್ತಿರ ಒತ್ತಾದವು, ಕಪ್ಪಾದವು.
ಕಿರುಬೆರಳ ಸೊಟ್ಟಕ್ಕೆ ನೋಡು ಸರಿಸಿ ಸರಿಸಿ
ಬೆಸ್ಕಾಂ ಕರೆಂಟು ಎರಡು ಸಲ ಹೋಯಿತು,
ಯುಪಿಎಸ್ ಕೀಂ ಕೀಂ ಅಂದಿತು.
ಉಳಿದದ್ದು ಬೆರಳ ತುದಿ.
ಎಂಟುನೂರು ಪರ್ಸೆಂಟು ಹಿಗ್ಗಿಸಿದೆ.
ಒಂದೇ ಒಂದು ಗೆರೆ ಇಲ್ಲ.

ಫೋನಿನಲ್ಲಿ ಪಾಷ ನಕ್ಕ.
"ಕುದಿನೀರಲ್ಲಿ ಗೂಡಿನ ತುದಿ ಹುಡುಕಿ ಹುಡುಕಿ
ನಮ್ಮ ತುದಿ ಹೋಗ್ತದೆ ಮೇಡಂ.
ನ್ಯಾಯಬೆಲೆ ಅಂಗಡೀಲಿ ಅಮ್ಮಿ ಹತ್ತೂ ಬೆರಳು ಒತ್ತೋಳು.
ಈ ಹೆಂಗಸು ಯಾರೋ ಅನ್ನೋದು ಮೆಷಿನ್ನು.
ಸೆರಗಿಗೆ ಒರೆಸ್ಕೊಂಡು ಮತ್ತೆ ಒತ್ತೋಳು."

ಆ ರಾತ್ರಿ ನನ್ನ ಹೆಬ್ಬೆರಳು ನೋಡಿಕೊಂಡೆ.
ಒಳ್ಳೆ ಸುಳಿ, ಅಚ್ಚು ಹೊಡೆದಂತೆ.
ಕೊಡಬಹುದಿತ್ತು. ಎರಡು ಕ್ಲಿಕ್ಕಿನ ಮಾತು.
ಕೊಟ್ಟರೆ ಅವಳು ಮತ್ತೊಮ್ಮೆ ಯಾರೋ ಆಗುತ್ತಾಳೆ.

ತುದಿಗಳನ್ನು ಖಾಲಿ ಬಿಟ್ಟೆ.
ತಾಮ್ರದ ತಗಡು ಕೊರೆಯುತ್ತಿದ್ದವರ ಕಾಲದಿಂದಲೂ
ಈ ಕಸುಬಿನಲ್ಲಿ
ಖಾಲಿ ಅಂದರೆ ಬೆಳಕು.

ತೋರುಬೆರಳ ಆ ಬಿಳಿಯಿಂದ
ಒಂದು ಎಳೆ ಎಳೆದೆ.
ಗೆರೆಗೂ ನೂಲಿಗೂ ನಮ್ಮಲ್ಲಿ ಒಂದೇ ಮಾತು, ಎಳೆಯುವುದು;
ಬೇರೆ ಪದ ಬೇಕಾಗಲಿಲ್ಲ.
ಇಡೀ ಚಿತ್ರದಲ್ಲಿ ಉಬ್ಬದ, ಸೊರಗದ
ಗೆರೆ ಅದೊಂದೇ.

ಪಾಷ ಪ್ರಿಂಟನ್ನು ಬೆಳಕಿಗೆ ಹಿಡಿದ.
ಕೈಯ ಬಗ್ಗೆ ಏನೂ ಹೇಳಲಿಲ್ಲ.
ಎಳೆಯ ಮೇಲೆ ಉಗುರು ಓಡಿಸಿ ಕೇಳಿದ:
"ಡಿನೈರ್ ಎಷ್ಟು ಇದು?"
"ಕಾಲು ಪಾಯಿಂಟು."
"ಹ್ಞೂ, ಸಮ ಐತೆ." ಸ್ವಲ್ಪ ತಡೆದು,
"ಇಲ್ಲೊಂದು ಗಂಟು."
ನಿಜ, ಎರಡು ನೋಡು ಒಂದರ ಮೇಲೊಂದು ಕೂತಿದ್ದವು,
ನನಗೇ ಕಂಡಿರಲಿಲ್ಲ.
ಇನ್ನೂರು ರೂಪಾಯಿ ಚೌಕಾಸಿ ಮಾಡಿ ಹೋದ.

ಸಂಜೆ ಚಿಂತಾಮಣಿಯ ಪ್ರೆಸ್ಸಿನಿಂದ ನಾರೆಪ್ಪನ ಫೋನು:
"ಇಷ್ಟು ತೆಳು ಗೆರೆ ಅಚ್ಚಲ್ಲಿ ನಿಲ್ಲಲ್ಲಮ್ಮ,
ಅಲ್ಲಲ್ಲಿ ಕಡೀತದೆ. ಸ್ವಲ್ಪ ದಪ್ಪ ಮಾಡ್ಕೊಡು."
ಪಾಷನನ್ನು ಕೇಳಿದೆ.
ಹಿಂದೆ ಚರಕ ಗರಗರ ಸುತ್ತುತ್ತಿತ್ತು,
ಅವನು ಕೂಗಿಯೇ ಹೇಳಿದ:
"ಕಡಿದ್ರೆ ಕಡೀಲಿ ಬಿಡಿ ಮೇಡಂ,
ದಪ್ಪ ಮಾತ್ರ ಮಾಡ್ಬೇಡಿ.
ಎಳೆ ಕಡಿಯೋದು ನಮಗೇನು ಹೊಸದಾ?"