ಹಿಂಬಾಗಿಲಿನ ಲೆಕ್ಕ

ಬೊಲೆರೊದ ಬೆನ್ನಿಗೆ ಮೊದಲೇ ಒಂದು ಚಕ್ರ ಉಂಟು.
ಅದರ ಮೇಲೆ ಇನ್ನು ನಾಲ್ಕು ಚಕ್ರ ತೂಗಿಸುವುದು ಹೇಗೆ?
ಕಂಕನಾಡಿಯ ಅಂಗಡಿಯಲ್ಲಿ ನಮ್ಮ ಪ್ರಶ್ನೆ ಕೇಳಿ
ಸವಾದ್ ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಹೊರಗೆ ಬಂದ,
ಸ್ಟೆಪ್ನಿಗೆ ಎರಡು ಗುದ್ದು ಕೊಟ್ಟ,
ಹಲಸಿನ ಹಣ್ಣು ನೋಡುವವನ ಹಾಗೆ.
ದಬ್ ಅಂದಿತು. ಆಗಲೇ ನಮಗೆ ಗೊತ್ತಾಗಬೇಕಿತ್ತು.

“ಪಟ್ಟಿ ಬಿಗಿಯುವಂಥದ್ದು ಇದಕ್ಕೆ ಆಗುವುದಿಲ್ಲ ಅಕ್ಕ,
ಅದು ಡಿಕ್ಕಿ ಸಪಾಟಾಗಿರುವ ಕಾರಿಗೆ.
ಇಲ್ಲಿ ಅದರ ಕಾಲು ಟಯರಿಗೆ ತಾಗಿ ಜಾರ್ತದೆ.
ಟಾಪಿನ ಮೇಲೆ ಹಾಕಿ.”
ಹಾಕಬಹುದು.
ನನ್ನ ಬಲಭುಜ ಕಳೆದ ಆಟಿಯಿಂದ
ಜಡೆ ಹೆಣೆಯಲಿಕ್ಕೂ ಮೇಲೇಳುವುದಿಲ್ಲ,
ವಾರಿಜ ಐದಡಿಗೆ ಒಂದಿಂಚು ಕಡಿಮೆ.

ಹಾಗಾದರೆ ಕೆಳಗಿಂದ, ಚಾಸಿಗೆ ಕಂಬಿ ಕೊಟ್ಟು
ಹೊರಕ್ಕೆ ಚಾಚುವಂಥದ್ದು.
ಸ್ಟೆಪ್ನಿ ದಾಟಲು ಹನ್ನೆರಡು ಇಂಚು, ಪೆಡಲಿಗೆ ಇನ್ನು ನಾಲ್ಕು.
ಆಮೇಲೆ ಬಾಗಿಲು ತೆರೆಯುವುದಿಲ್ಲ,
ನಂಬರ್ ಪ್ಲೇಟು ಕಾಣುವುದಿಲ್ಲ,
ನಂತೂರು ಸರ್ಕಲಿನಲ್ಲಿ ಪೊಲೀಸರಿಗೆ ಎಂತ ಹೇಳುವುದು?
ರೇಟು ಕೇಳಿದೆವು. ಹೇಳಿದ.
“ಈ ದುಡ್ಡಿಗೆ ಮೂರನೇ ಸೈಕಲು ಬರ್ತದೆ,” ಅಂದಳು ವಾರಿಜ.
“ಅದನ್ನು ಎಲ್ಲಿ ಇಡುವುದು?” ಅಂದೆ.
ಮೂವರೂ ಸ್ವಲ್ಪ ಹೊತ್ತು ಸ್ಟೆಪ್ನಿಯನ್ನೇ ನೋಡಿದೆವು.

ಜೆಪ್ಪುವಿನ ಲಿಗೋರಿ ಪೊರ್ಬುಗಳು
ಗೇಟು, ಗ್ರಿಲ್ಲು, ಸಮಾಧಿಯ ಶಿಲುಬೆ ಮಾಡುವವರು.
ಕನ್ನಡಕ ಹಣೆಗೇರಿಸಿ, ಸ್ಟೆಪ್ನಿಯ ನಟ್ಟು ಬಿಚ್ಚಿ
ರಟ್ಟಿನ ಮೇಲೆ ತೂತಿನ ಗುರುತು ತೆಗೆದರು:
“ಇದೇ ತೂತಿಗೆ ಉದ್ದದ ಬೋಲ್ಟು. ಅದಕ್ಕೊಂದು ಪ್ಲೇಟು.
ಪ್ಲೇಟಿಗೆ ಎರಡು ಕೈ. ಟಯರೇ ಗೋಡೆ ಅಂತ ತಿಳ್ಕೊಳ್ಳಿ.
ಆದರೆ ಭಾರವೆಲ್ಲ ಬಾಗಿಲಿನ ಬಿಜಾಗರಿಗೆ, ಹಾಗಾಗಿ ಎರಡೇ ಸೈಕಲು.
ಮೂರನೇದು ಹಾಕಿದರೆ ಮುರಿದ ಬಾಗಿಲು ನನ್ನಲ್ಲಿಗೆ ತರಬೇಡಿ.”

ವಾರಿಜ ತನ್ನ ಸೈಕಲನ್ನು
ಆಸ್ಪತ್ರೆಯ ತಕ್ಕಡಿಯಲ್ಲೇ ತೂಗಿ ಬಂದಳು,
ನೈಟ್ ಡ್ಯೂಟಿ ಮುಗಿದ ಮೇಲೆ, ವಾರ್ಡ್ ಬಾಯ್ ಕಾವಲಿಗೆ.
ಹದಿನೈದು ಕಿಲೋ ಇನ್ನೂರು ಗ್ರಾಂ.
ಚೀಟಿಯ ತಲೆಯಲ್ಲಿ ಅಭ್ಯಾಸಬಲದಿಂದ
ಹೆಸರು, ವಯಸ್ಸು ಅಂತ ಬರೆದು ಹೊಡೆದುಹಾಕಿದ್ದಳು.

ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಎರಡು ಕೋಟು, ಉಪ್ಪುಗಾಳಿಗೆ.
ಕೈಗಳಿಗೆ ಹಳೆಯ ಟ್ಯೂಬು ಸುತ್ತಿದೆವು.
ಒಂದು ಆದಿತ್ಯವಾರ ಐದು ಗಂಟೆಗೆ, ಇನ್ನೂ ಕತ್ತಲೆ,
ಕೂಳೂರು ಸೇತುವೆ ದಾಟಿ ಹೊರಟೆವು.
ಟ್ಯಾಂಕರುಗಳ ನಡುವೆ ತುಳಿಯುವ ಪ್ರಾಯ ನಮ್ಮದಲ್ಲ;
ಹೆಜಮಾಡಿಯಲ್ಲಿ ಇಳಿಸಿ
ಕಡಲ ಕರೆಗೇ ಕಾಪುವಿನವರೆಗೆ ಅಂತ ಮಾತು.
ಕನ್ನಡಿಯಲ್ಲಿ ಎರಡು ಹ್ಯಾಂಡಲು ಕೊಂಬಿನ ಹಾಗೆ.
“ಕಂಬಳಕ್ಕೆ ಕೋಣ ಹೊಡೆದುಕೊಂಡು ಹೋದ ಹಾಗೆ ಉಂಟು,”
ಅಂದಳು, ಬಾಯಿ ಮುಚ್ಚುವ ಮೊದಲೇ
ಹಳೆಯಂಗಡಿಯಲ್ಲಿ ಎಡಗಡೆ ಹಿಂಚಕ್ರ ಪಂಚರ್.

ಸ್ಟೆಪ್ನಿ ಬೇಕು.
ಸ್ಟೆಪ್ನಿಯ ಮೇಲೆ ಪ್ಲೇಟು, ಪ್ಲೇಟಿಗೆ ಕೈ,
ಕೈಯಲ್ಲಿ ಸೈಕಲು, ಸೈಕಲಿಗೆ
ವಾರಿಜ ಹಾಕಿದ ಹನ್ನೊಂದು ಗಂಟು.
ಮೊಬೈಲ್ ಬೆಳಕಲ್ಲಿ ಒಂದೊಂದೇ ಬಿಚ್ಚಿ, ಇಳಿಸಿ,
ರೆಕ್ಸಿನ್ ಹೊದಿಕೆ ಎಳೆದರೆ
ಹಲಸು ಹಣ್ಣಾಗಿತ್ತು, ಮೆತ್ತಗೆ.
ಲಿಗೋರಿ ಪೊರ್ಬುಗಳು ನಟ್ಟು ಅಳೆದಿದ್ದರು,
ಬೋಲ್ಟು ಅಳೆದಿದ್ದರು, ವಾರಿಜ ಭಾರ ಅಳೆದಿದ್ದಳು.
ಗಾಳಿ ಯಾರೂ ಅಳೆದಿರಲಿಲ್ಲ, ಏಳು ವರ್ಷ.

ಮೀನಿನ ಲಾರಿಯೊಂದು ನೀರು ಚೆಲ್ಲುತ್ತಾ ಹೋಯಿತು.
ವಾರಿಜ ಸೀಟಿನ ಹಿಂದಿನಿಂದ ಸೈಕಲ್ ಪಂಪು ಎಳೆದಳು.
“ಮಂಡೆ ಸರಿ ಉಂಟಾ ನಿನಗೆ?”
“ಮೂತಿ ಒಂದೇ ಅಳತೆ. ನೋಡು, ಕೂತಿತು.”

ಐವತ್ತು ಅವಳು, ಐವತ್ತು ನಾನು, ಎಡಗೈಯಲ್ಲಿ.
ನರ್ಸು ನಾಡಿ ಎಣಿಸುವ ಹಾಗೆ ನನ್ನದನ್ನೂ ಅವಳೇ ಎಣಿಸಿದಳು.
ಎಷ್ಟನೆಯ ಐವತ್ತೋ,
ಬೆಳಕು ಹರಿದಿತ್ತು, ರಬ್ಬರು ಸ್ವಲ್ಪ ಮೈ ತುಂಬಿತ್ತು,
ಪೇಪರ್ ಹಾಕುವ ಹುಡುಗನೊಬ್ಬ ಕಾಲೂರಿ ನಿಂತು
ನಮ್ಮನ್ನು ನೋಡಿದ, ಗಾಡಿಯನ್ನು ನೋಡಿದ,
“ಪೆಟ್ರೋಲ್ ಬಂಕ್ ಅಲ್ಲೇ ಉಂಟಲ್ಲ, ಆ ತಿರುವಿನಲ್ಲಿ,
ಗಾಳಿ ಫ್ರೀ,” ಅಂದ.

ವಾರಿಜ ತಲೆ ಎತ್ತಲಿಲ್ಲ.
“ನಲವತ್ತೊಂದು,” ಅಂದಳು,
“ನಲವತ್ತೆರಡು.”