ಸಂಬಂಧ: ಪತಿ

ಕುಲುಮೆ ಆರಿಸಿದ್ದು ಮಂಗಳವಾರ.
ಕ್ರಿಸ್‌ಮಸ್ಸಿಗೂ ಆರಿಸದೆ ಉರಿಸಿದ ಬೆಂಕಿ.
ಒಮ್ಮೆ ತಣ್ಣಗಾದರೆ ಒಳಗಿನ ಇಟ್ಟಿಗೆ ಬಿರಿಯುತ್ತದಂತೆ,
ಮತ್ತೆ ಹೊತ್ತಿಸಲು ಬರುವುದಿಲ್ಲವಂತೆ.
ಇಷ್ಟು ಹೇಳಿ ವೆಂಡಲ್ ಬೂಟು ಬಿಚ್ಚಿ
ನೆಲಮಾಳಿಗೆಯ ಮೆಟ್ಟಿಲಿಳಿದ.

ಮಾರ್ಚಿಯಿಂದ ಅವನ ಹಾಸಿಗೆ ಅಲ್ಲೇ,
ಬಟ್ಟೆ ಒಗೆಯುವ ಯಂತ್ರದ ಪಕ್ಕ.
ಜಗಳವೇನೂ ಆಗಿರಲಿಲ್ಲ.
ಮಾತು ಮುಗಿದಿತ್ತು, ಡಬ್ಬಿಯಲ್ಲಿ ಉಪ್ಪು ಮುಗಿದ ಹಾಗೆ;
ತರಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ.
ವಕೀಲೆ ಕಳಿಸಿದ ಕಾಗದಗಳು
ಫ್ರಿಜ್ಜಿನ ಮೇಲೆ, ಬಾಳೆಹಣ್ಣಿನ ಬುಟ್ಟಿಯಡಿ,
ಸಹಿ ಮಾಡುವಲ್ಲೆಲ್ಲ ಹಳದಿ ಚೀಟಿ ಅಂಟಿಸಿಕೊಂಡು ಕಾದಿದ್ದವು.

ನಾನು ಟೊಲೆಡೊದಲ್ಲಿ ಶಾಲಾ ಬಸ್ಸು ಓಡಿಸುವವಳು.
ನಾಲ್ಕೂವರೆಗೆ ಎದ್ದು, ಗಾಜಿನ ಮೇಲಿನ ಹಿಮ ಕೆರೆದು,
ಐವತ್ತೆರಡು ಮಕ್ಕಳನ್ನು ಎಣಿಸಿ ಹತ್ತಿಸಿ
ಎಣಿಸಿ ಇಳಿಸುವವಳು.
ಸಂಬಳ ಹೇಳಿಕೊಳ್ಳುವಂಥದ್ದಲ್ಲ.
ವಿಮೆ ಮಾತ್ರ ಗಟ್ಟಿ; ಯೂನಿಯನ್ನಿನವರು
ಚಳಿಯಲ್ಲಿ ಹನ್ನೊಂದು ದಿನ ಬೀದಿಯಲ್ಲಿ ನಿಂತು ಗಳಿಸಿದ್ದು.

ಕಾರ್ಖಾನೆಯಿಂದ ಪತ್ರ ಬಂತು:
ಹಳೆಯ ವಿಮೆಯನ್ನು ತಾವೇ ಕಟ್ಟಿ ಮುಂದುವರಿಸಬಹುದು,
ತಿಂಗಳಿಗೆ ಒಂಬೈನೂರ ಹದಿನಾಲ್ಕು ಡಾಲರು.
ಆ ‘ಬಹುದು’ವನ್ನು ಎರಡು ಸಲ ಓದಿದೆ.
ಫ್ರಿಜ್ಜಿನೊಳಗೆ, ಬೆಣ್ಣೆಯ ಗೂಡಿನಲ್ಲಿ,
ಅವನ ಇನ್ಸುಲಿನ್ ಪೆನ್ನುಗಳು. ನನಗೆ ಎಣಿಸುವ ಚಟ.
ಗುರುವಾರ ಮುಗಿಯಬೇಕಿದ್ದದ್ದು
ಭಾನುವಾರವೂ ಮುಗಿದಿರಲಿಲ್ಲ.
ಕಡಿಮೆ ಚುಚ್ಚಿಕೊಳ್ಳುತ್ತಿದ್ದ ಪುಣ್ಯಾತ್ಮ.
ಕೇಳಿದರೆ, ಹಸಿವಿಲ್ಲ, ಊಟವೇ ಕಡಿಮೆ, ಅಂದ.

ಡಿಪೋ ಕಚೇರಿಯಲ್ಲಿ ಇಮೆಲ್ಡಾ ಹೇಳಿದಳು:
ಅವನ ವಿಮೆ ನಿಂತ ದಿನದಿಂದ ಮೂವತ್ತು ದಿನ.
ಮೂವತ್ತೊಂದಕ್ಕೆ ಬಂದರೆ ನಾನೂ ಏನೂ ಮಾಡಲಾರೆ.
ಮದುವೆಯ ಪ್ರಮಾಣಪತ್ರ ತಾ.
ಇನ್ನೂ ಗಂಡ ತಾನೇ?
ಕೆಣಕಿ ಕೇಳಿದ್ದಲ್ಲ, ಫಾರ್ಮಿನಲ್ಲೇ ಇದೆ ಆ ಪ್ರಶ್ನೆ.
ಹೌದು, ಅಂದೆ. ಕಾನೂನಿನ ಪ್ರಕಾರ, ಅಂದೆ.
ಎರಡನೆಯದನ್ನು ಅವಳು ಬರೆದುಕೊಳ್ಳಲಿಲ್ಲ.

ಕೈಬಿಡಲು ಹೊರಟ ಕೈಯಿಂದಲೇ
ಕೈಹಿಡಿದದ್ದಕ್ಕೆ ಪುರಾವೆ ಹುಡುಕಿದೆ.
ಹೊಲಿಗೆಯ ಡಬ್ಬಿ, ತೆರಿಗೆಯ ಕಡತ, ಅವನಮ್ಮನ ಬೈಬಲ್.
ಅವನೂ ಮೇಲೆ ಬಂದು ಮಂಡಿಯೂರಿ ಹುಡುಕಿದ.
ಸಿಕ್ಕಿದ್ದು ಎಂದೋ ಮಾರಿದ ಟ್ರಕ್ಕಿನ ಕಾಗದಗಳ ನಡುವೆ.
ಸಾಕ್ಷಿ ಹಾಕಿದ ಅವನಣ್ಣ ಓರಿನ್ ಈಗಿಲ್ಲ.
ನನ್ನ ಸಹಿ ಯಾರೂ ಓದಲಾರದಷ್ಟು ಅವಸರದ್ದು:
ಹೊರಗೆ ಎಂಜಿನ್ ಚಾಲೂ ಇತ್ತು,
ಪೆಟ್ರೋಲು ಸುಮ್ಮನೆ ಉರಿಯುತ್ತಿದೆ, ಬೇಗ ಬಾ,
ಎಂದಿದ್ದವನು ಇವನೇ.
ನೆನಪಿಸಿದಾಗ ನಕ್ಕ. ಅಥವಾ ಕೆಮ್ಮಿದ.

ಫಾರ್ಮಿನಲ್ಲಿ ಸಂಬಂಧ: ಪತಿ.
ಅದರ ಮುಂದೆ, ಮೊದಲೇ ಅಚ್ಚಾಗಿ: ಅವಲಂಬಿತ.
ಸಾವಿರದೈನೂರು ಡಿಗ್ರಿಯ ಬಾಯಿಯೆದುರು
ಮೂವತ್ತೊಂದು ವರ್ಷ ನಿಂತವನು
ಆ ಪದದ ಮೇಲೆ ಬೆರಳಿಟ್ಟು ಕೂತ.
ಇದು ಮಕ್ಕಳಿಗೆ ಹೇಳುವುದಲ್ಲವೇನೇ?
ಬಸ್ಸು ಹತ್ತಿದವರೆಲ್ಲ ಅವಲಂಬಿತರೇ, ಅಂದೆ,
ಸುಮ್ಮನೆ ಸೀಟು ಹಿಡಿ.
ಎಷ್ಟು ದಿನ? ಅಂದ.
ಅದು ವಿಮೆಯ ಮಾತೋ, ಫ್ರಿಜ್ಜಿನ ಮೇಲಿದ್ದದ್ದರ ಮಾತೋ
ನಾನು ಬಿಡಿಸಿ ಕೇಳಲಿಲ್ಲ.

ಇಪ್ಪತ್ತಾರನೆಯ ದಿನ ಕೊಟ್ಟು ಬಂದೆ.

ಕಾರ್ಡು ಬಂದಿದೆ. ಮೇಲೆ ನನ್ನ ಹೆಸರು,
ಕೆಳಗೆ ಸಣ್ಣಕ್ಷರದಲ್ಲಿ ಅವನು.
ಬೆಣ್ಣೆಯ ಗೂಡು ತುಂಬಿದೆ. ಬೆಣ್ಣೆಗೆ ಜಾಗವಿಲ್ಲ.
ಅವನಿನ್ನೂ ಮಲಗುವುದು ಕೆಳಗೇ;
ಒಗೆಯುವ ಯಂತ್ರವನ್ನು ರಾತ್ರಿ ಹಾಕಬೇಡ,
ಎಂದು ಕೂಗಿ ಹೇಳುತ್ತಾನೆ, ಅಷ್ಟು ಮಾತು.
ಕಾಗದಗಳು ಬುಟ್ಟಿಯಡಿ ಹಾಗೇ ಇವೆ.
ಹಳದಿ ಚೀಟಿಯೊಂದು ಮಾತ್ರ ಇಲ್ಲ.
ಇವತ್ತು ಅದು ಫ್ರಿಜ್ಜಿನ ಬಾಗಿಲಲ್ಲಿತ್ತು,
ಅವನ ಕಾಗೆ ಕಾಲಿನ ಅಕ್ಷರದಲ್ಲಿ: ಬಲ್ಬು, ಉಪ್ಪು.

ಸಂಜೆಯ ಟ್ರಿಪ್ಪು ಮುಗಿಸಿ ಬರುವಾಗ
ಬಲ್ಬು ತಂದೆ.
ಉಪ್ಪು ಮರೆತೆ.